ತುಂಗೆಯ ಕೋಟೆಯಿಂದ ಭದ್ರೆಯ ನ್ಯೂಟೌನಿಗೆ



ಇಟಲಿ ದೇಶದ ಬೊಲೋನ್ಯ ಎಂಬ ಪಟ್ಟಣದಲ್ಲಿ, ಮನೆ ಕಟ್ಟಿಸುವವನು ಬೀದಿಯ ಕಡೆಗೆ ಕಂಬಗಳ ಸಾಲೊಂದನ್ನು ನಿಲ್ಲಿಸಿ, ಅದರ ಮೇಲೆ ಮಹಡಿಯನ್ನು ಮುಂಚಾಚಿ, ಕೆಳಗಿನ ಕೈಸಾಲೆಯನ್ನು ದಾರಿಹೋಕರಿಗೆ ಬಿಟ್ಟುಕೊಡತಕ್ಕದ್ದೆಂದು 1288ನೆಯ ಇಸವಿಯಲ್ಲಿಯೇ ನಗರದ ಕಟ್ಟಳೆಯಾಯಿತು. ಕುದುರೆಯೇರಿದವನು ತಲೆ ತಗ್ಗಿಸದೆ ಹಾಯ್ದುಹೋಗುವಷ್ಟು ಎತ್ತರ ಅದಕ್ಕಿರಬೇಕೆಂಬ ನಿಯಮವೂ ಒಡನೆಯೆ ಸೇರಿತ್ತು. ಅಂಥ ಕೈಸಾಲೆಗಳು ಈಗ ಆ ಊರಿನಲ್ಲಿ ಒಟ್ಟು 62 ಕಿಲೋಮೀಟರುಗಳಷ್ಟು ಉದ್ದಕ್ಕೆ ಹಬ್ಬಿಕೊಂಡಿವೆ. ಅವುಗಳ ನೆರಳಿನಲ್ಲಿ ಮಧ್ಯಯುಗದ ಮರದ ಕಂಬದಿಂದ ಇಪ್ಪತ್ತನೆಯ ಶತಮಾನದ ಕಾಂಕ್ರೀಟಿನ ಕಂಬದವರೆಗೆ ನಡೆದುಹೋಗುವ ಪಾದಚಾರಿಗೆ, ಗೋಪುರವನ್ನೂ ಗ್ರಂಥವನ್ನೂ ನೋಡದೆಯೇ ಆ ನಗರದ ಚರಿತ್ರೆ ತಿಳಿದುಬಿಡುತ್ತದೆ.

ಶಿವಮೊಗ್ಗೆಯಲ್ಲಿ ಹೀಗೆ ಕೈಸಾಲೆಯನ್ನು ಕಡ್ಡಾಯ ಮಾಡಿದ ದೊರೆಯ ಹೆಸರನ್ನು ನಾವು ಕೇಳಿಲ್ಲ. ಆದರೂ ಕೋಟೆ ರಸ್ತೆಯ ಹಳೆಯ ಮನೆಗಳಲ್ಲಿ ಇಂದಿಗೂ ಉಳಿದಿರುವ ಬೀದಿಜಗಲಿಗಳನ್ನು ನೋಡಿದರೆ, ಕಟ್ಟಳೆಯಿಲ್ಲದೆಯೂ ನಮ್ಮ ಹಿರಿಯರು ಮನೆಯ ಒಂದಂಶವನ್ನು ಪರರಿಗೆಂದು ಮೀಸಲಿಟ್ಟಿದ್ದರೆಂಬುದು ಸ್ಪಷ್ಟವಾಗುತ್ತದೆ. ಮಳೆ ಬಂದಾಗ ಅಪರಿಚಿತನು ಹತ್ತಿ ನಿಲ್ಲಬಹುದಾದ, ದಣಿದವನು ಯಾರನ್ನೂ ಕೇಳದೆ ಕುಳಿತುಕೊಳ್ಳಬಹುದಾದ ಆ ಜಗಲಿಗಳ ಎಡೆಯಿಂದಲೇ ಇಂದಿನ ನಮ್ಮ ನಡಿಗೆ ಪ್ರಾರಂಭವಾಗಲಿ. ತುಂಗೆಯ ದಡದಲ್ಲಿ ಹೊರಟು ಭದ್ರೆಯ ದಡದ ಭದ್ರಾವತಿಯನ್ನು ಸೇರುವುದು ನಮ್ಮ ಉದ್ದೇಶ. ನಡುವಣ ಹದಿನೆಂಟಿಪ್ಪತ್ತು ಕಿಲೋಮೀಟರುಗಳನ್ನು ಬಸ್ಸಿನಲ್ಲಿ ಕ್ರಮಿಸಿದರೆ ದೋಷವೇನೂ ಇಲ್ಲ.

ಕೋಟೆ ಎಂಬುದು ಈಗ ಹೆಸರಿನಲ್ಲಿ ಮಾತ್ರ ಉಳಿದಿದೆ. ಅದರೊಳಗಿದ್ದ ಆಂಜನೇಯ, ಭೀಮೇಶ್ವರ ಮೊದಲಾದ ದೇವರುಗಳು ಪೂಜೆಗೊಳ್ಳುತ್ತ ಸ್ವಸ್ಥಾನದಲ್ಲಿಯೇ ಇದ್ದಾರೆ. ನದಿಯ ಸಮೀಪದಲ್ಲಿ ಶಿವಪ್ಪನಾಯಕನ ಅರಮನೆಯೆಂದು ಜನ ಕರೆಯುವ ಎರಡಂತಸ್ತಿನ ಮರದ ಭವನವೂ ಇದೆ. ಕೆಳದಿಯ ಶಿವಪ್ಪನಾಯಕನು ಆಳಿದ್ದು 1645ರಿಂದ 1660ರವರೆಗೆ. ಭೂಮಿಯ ಗುಣವನ್ನು ನೋಡಿ ಕಂದಾಯ ಗೊತ್ತುಮಾಡಿದ ಅವನ ಶಿಸ್ತು ಮಲೆನಾಡಿನ ರೈತನ ಬಾಯಲ್ಲಿ ಇಂದಿಗೂ ಇರುವುದರಿಂದ, ಈ ಭವನವನ್ನೂ ಜನ ಅವನಿಗೇ ಕಟ್ಟಿಕೊಟ್ಟಿರುವುದು ಸಹಜವಾಗಿದೆ. ವಿದ್ವಾಂಸರಲ್ಲಿ ಅನೇಕರು ಇದನ್ನು ಒಪ್ಪುವುದಿಲ್ಲ. 1763ರಲ್ಲಿ ಕೆಳದಿಯವರ ರಾಜಧಾನಿ ಬಿದನೂರು ಹೈದರಾಲಿಯ ವಶವಾದ ಮೇಲೆ ಹದಿನೆಂಟನೆಯ ಶತಮಾನದಲ್ಲಿ ಎದ್ದ ಕಟ್ಟಡ ಇದೆಂಬುದು ಅವರ ಮತ. ಒಳಗಿನ ದರ್ಬಾರು ಸಭಾಂಗಣದಲ್ಲಿ ನಿಂತು, ಕಮಲದ ಬುಡದಿಂದ ಮೇಲೆದ್ದು ತಲೆಯಲ್ಲಿ ಅಲೆಯಲೆಯಾದ ಕಮಾನುಗಳನ್ನು ಹೊತ್ತ ಆ ಭಾರಿ ಕಂಬಗಳನ್ನೂ, ಪಕ್ಕಗಳಿಂದ ಕೆಳಗಿನ ಸಭೆಯನ್ನು ನೋಡುವ ಮಹಡಿಯ ಮೊಗಸಾಲೆಗಳನ್ನೂ ಅವಲೋಕಿಸಿದವರಿಗೆ, 1784ರ ಶ್ರೀರಂಗಪಟ್ಟಣದ ದರಿಯಾ ದೌಲತ್ತೂ, 1791ರಲ್ಲಿ ಪೂರ್ಣವಾದ ಬೆಂಗಳೂರಿನ ಟಿಪ್ಪುವಿನ ಅರಮನೆಯೂ ನೆನಪಿಗೆ ಬಾರದೆ ಇರಲಾರವು. ನನ್ನ ಒಲವು ವಿದ್ವಾಂಸರ ಕಡೆಗೇ. ಆದರೆ ಕಟ್ಟಿಸಿದವನು ಯಾರೇ ಆಗಿರಲಿ, ಮರ ಮಲೆನಾಡಿನದು. ಬೀಟೆಯಂಥ ಗಡಸು ಮರದ ಮೈಯಲ್ಲಿ ಅಷ್ಟು ನಯವಾದ ರೇಖೆಯನ್ನು ಎಬ್ಬಿಸಿದ ಬಡಗಿಯ ಹೆಸರನ್ನು ಯಾವ ಪಕ್ಷದವರೂ ಕೇಳಲಿಲ್ಲವಲ್ಲ ಎಂಬ ಕೊರಗೊಂದು ಮಾತ್ರ ನನಗಿದೆ.

ಈ ಭವನ ಈಗ ಸರ್ಕಾರದ ವಸ್ತುಸಂಗ್ರಹಾಲಯ. ಅಂಗಳದ ಹಸುರಿನ ಮೇಲೆ ಜಿಲ್ಲೆಯ ನಾನಾ ಊರುಗಳಿಂದ ತಂದ ವೀರಗಲ್ಲುಗಳು, ಮಾಸ್ತಿಕಲ್ಲುಗಳು, ಶಾಸನಗಳು ಸಾಲಾಗಿ ನಿಂತಿವೆ. ತುರುಗಳನ್ನು ಬಿಡಿಸಿಕೊಂಡು ಬರುವಾಗ ಸತ್ತವನ ಕಲ್ಲು ಆ ಊರಿನ ಹೊಲದ ಬದುವಿನಲ್ಲಿದ್ದಾಗ ಅದಕ್ಕೊಂದು ನೆಲೆಯಿತ್ತು, ಎಣ್ಣೆಯ ಅಭಿಷೇಕವೂ ಇತ್ತು. ಇಲ್ಲಿ ರಕ್ಷಣೆ ದೊರೆತಿದೆ, ನೆಲೆ ತಪ್ಪಿದೆ. ಕಟ್ಟಡಗಳ ವಿಷಯದಲ್ಲಿ ಹೀಗೆ ಎತ್ತಿ ತಂದು ನಿಲ್ಲಿಸುವ ಉಪಾಯವೂ ಇಲ್ಲವಾದುದರಿಂದ, ಅವುಗಳನ್ನು ಇದ್ದಲ್ಲಿಯೇ ಉಳಿಸಿಕೊಳ್ಳಬೇಕು, ಇಲ್ಲವೆ ಕಳೆದುಕೊಳ್ಳಬೇಕು. ಈ ಮಾತು ಭದ್ರಾವತಿಯಲ್ಲಿ ಮತ್ತೆ ಬರುತ್ತದೆ.

ಅರಮನೆಯಿಂದ ಹೊರಬಂದು ಹೊಳೆಯ ಬದಿಗೆ ಇಳಿದರೆ ಕೋರ್ಪಲಯ್ಯನ ಛತ್ರವೂ, ನೀರಿನ ನಡುವೆ ಅದರ ಕಲ್ಲಿನ ಮಂಟಪವೂ ಸಿಕ್ಕುತ್ತವೆ. ಗಾಜನೂರಿನ ಅಣೆಕಟ್ಟೆಯಿಂದ ಎಷ್ಟು ಕ್ಯೂಸೆಕ್ ನೀರು ಬಿಟ್ಟರೆಂದು ಪತ್ರಿಕೆಗಳು ಎಷ್ಟು ಬರೆದರೂ, ಮಂಟಪ ಮುಳುಗಿತೆ ಇಲ್ಲವೆ ಎಂಬುದೇ ಶಿವಮೊಗ್ಗೆಯವರಿಗೆ ಆಷಾಢ ಶ್ರಾವಣಗಳ ಪ್ರಮುಖ ಸಮಾಚಾರ. ಯಾವ ಇಂಜಿನಿಯರನೂ ಅಂಕೆ ಬರೆಯದ ಆ ಮಂಟಪ ಒಂದು ಇಡೀ ನಗರಕ್ಕೆ ನೆರೆಯ ಅಳತೆಗೋಲಾಗಿದೆ. ಇತ್ತೀಚೆಗೆ ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ನದೀತೀರಕ್ಕೆ ನಡಿಗೆಯ ಹಾದಿ, ದೀಪ, ಆಸನಗಳು ಬಂದಿವೆ. ಹೊಳೆಗೆ ಬೆನ್ನು ಮಾಡಿ ಬೆಳೆದ ಊರು ತಿರುಗಿ ಹೊಳೆಯ ಕಡೆಗೆ ಮುಖ ಮಾಡಿರುವುದು ಸಂತೋಷದ ವಿಷಯ. ಸೋಪಾನದಲ್ಲಿ ಕುಳಿತು ಕಾಲನ್ನು ನೀರಿಗೆ ಇಳಿಬಿಡುವ ಸುಖ ಕಬ್ಬಿಣದ ಕಟಾಂಜನದ ಹಿಂದೆ ನಿಂತವನಿಗೆ ಇಲ್ಲವೆಂಬುದನ್ನೂ ಹೇಳಬೇಕಷ್ಟೆ.

ಗಾಂಧಿಬಜಾರಿನಲ್ಲಿ ಕಣ್ಣನ್ನು ಸ್ವಲ್ಪ ಮೇಲಕ್ಕೆತ್ತಿ ನಡೆಯಬೇಕೆಂದು ಶ್ರೋತೃಗಳಲ್ಲಿ ನನ್ನ ಬಿನ್ನಹ. ಕೆಳಗಿನ ಅಂತಸ್ತಿನಲ್ಲಿ ಬಟ್ಟೆ, ಪಾತ್ರೆ, ಹೂವು, ಬಂಗಾರ ಎಲ್ಲವೂ ಹೊಳೆಯುವ ಫಲಕಗಳ ಹಿಂದೆ ಅಡಗಿವೆ; ಆದರೆ ಆ ಫಲಕಗಳ ಮೇಲುಗಡೆ ಅಲ್ಲಲ್ಲಿ ಮರದ ಕಟಕಟೆಯ ಮಹಡಿಗಳು, ಗಾರೆಯಲ್ಲಿ ಬಿಡಿಸಿದ ಬಳ್ಳಿಗಳು, ಮಂಗಳೂರು ಹೆಂಚಿನ ಮಾಡುಗಳು ಇನ್ನೂ ಇಣುಕುತ್ತವೆ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಸ್ಥಾಪಿಸಿದ ಮೇಲೆ ಘಟ್ಟದ ಮೇಲಿನ ಊರುಗಳ ತಲೆ ಕ್ರಮೇಣ ಕೆಂಪಾಯಿತು. 1899ರಲ್ಲಿ ಬೀರೂರಿನಿಂದ ಶಿವಮೊಗ್ಗೆಗೆ ರೈಲು ಬಂದ ಮೇಲೆ ಹೊರಗಿನ ಸರಕೂ ಅಭಿರುಚಿಯೂ ಒಟ್ಟಿಗೆ ಬಂದಿಳಿದುವು. ಅಡಕೆಯ ಮಂಡಿಗಳ ಹಣ ಇವೆರಡನ್ನೂ ಕೂಡಿಸಿ ಕಟ್ಟಿದ್ದು ಈ ಬೀದಿಗಳನ್ನು. ಅಡಕೆಗೆ ಬೆಲೆ ಬಂದ ವರ್ಷಗಳಲ್ಲಿ ಊರಿನಲ್ಲಿ ಮನೆಗಳು ಏಳುವುದು ಇಂದಿಗೂ ನಿಂತಿಲ್ಲ.

ದುರ್ಗಿಗುಡಿಯ ಕಡೆಗೆ ಬಂದರೆ ಬೀದಿಗಳು ನೆಟ್ಟಗಾಗುತ್ತವೆ. ಮನೆಗಳ ಹಿತ್ತಿಲಿನ ನಡುವೆ ಹಾಯುವ ಕಿರುಗಲ್ಲಿಗಳನ್ನು ಊರಿನವರು ಈಗಲೂ ಕನ್ಸರ್ವೆನ್ಸಿ ಎಂದೇ ಕರೆಯುತ್ತಾರೆ. ಒಳಚರಂಡಿಯಿಲ್ಲದ ಕಾಲದಲ್ಲಿ ಮಲವನ್ನು ಹೊತ್ತು ಸಾಗಿಸುವವರು ಮನೆಯ ಮುಂಬಾಗಿಲಿಗೆ ಬಾರದಿರಲೆಂದು ಮಾಡಿದ ದಾರಿಗಳಿವು. ಪಟ್ಟಣ ನಿರ್ಮಾಣದ ನಕ್ಷೆಯೊಳಗೆ ಜಾತಿಯ ಗೆರೆಯನ್ನು ಎಳೆದ ದಾರಿಗಳೆಂದರೂ ಸಲ್ಲುತ್ತದೆ. ಈಚಿನ ವರ್ಷಗಳಲ್ಲಿ ಇವುಗಳಿಗೆ ಕಲ್ಲು ಹಾಸಿ, ಗೋಡೆಗಳಿಗೆ ಚಿತ್ರ ಬರೆದು, ಕಾಲ್ನಡಿಗೆಯವರಿಗೆ ತೆರೆಯುವ ಪ್ರಯತ್ನ ನಡೆದಿದೆ. ಒಳ್ಳೆಯ ಪ್ರಯತ್ನ; ನಡೆಯುವವರು ಈ ದಾರಿಗಳ ಪೂರ್ವವೃತ್ತವನ್ನೂ ಅರಿತಿದ್ದರೆ ಒಳ್ಳೆಯದು.

ಹೊಸ ಬಡಾವಣೆಗಳ ವಿಷಯವಾಗಿ ಹೆಚ್ಚು ಹೇಳತಕ್ಕದ್ದೇನೂ ಇಲ್ಲ. ಬಯಲುಸೀಮೆಯ ಚಪ್ಪಟೆ ತಾರಸಿಯನ್ನು ಮಲೆನಾಡಿನ ಬಾಗಿಲಿಗೆ ತಂದು ನಿಲ್ಲಿಸಿದುದರ ಫಲವಾಗಿ, ನಾಲ್ಕೈದು ಮಳೆಗಾಲ ಕಳೆಯುವುದರೊಳಗೆ ಸೂರು ಸೋರಿ, ಮನೆಯೊಡೆಯನು ತಾರಸಿಯ ಮೇಲೆ ಕಬ್ಬಿಣದ ಕಂಬ ನೆಟ್ಟು ಇಳಿಜಾರಾದ ಶೀಟಿನ ಮಾಡೊಂದನ್ನು ಹೊದಿಸಿರುವುದನ್ನು ಬೀದಿಬೀದಿಯಲ್ಲಿ ಕಾಣಬಹುದು. ನಕ್ಷೆ ಬರೆದವರು ಮರೆತುದನ್ನು ಮಳೆಯೇ ತಿದ್ದಿತು.

ಬಿ.ಎಚ್. ರಸ್ತೆಯಲ್ಲಿ, ಎಂದರೆ ಬೆಂಗಳೂರು-ಹೊನ್ನಾವರ ಹೆದ್ದಾರಿಯಲ್ಲಿ, ಯೇಸುವಿನ ಪವಿತ್ರ ಹೃದಯಕ್ಕೆ ಅರ್ಪಿತವಾದ ಮಹಾದೇವಾಲಯ ನಿಂತಿದೆ. ರೋಮನ್ ಮತ್ತು ಗಾಥಿಕ್ ಶೈಲಿಗಳನ್ನು ಬೆರಸಿ ರಚಿಸಿದ ಈ ಕಟ್ಟಡ ನೋಡುವುದಕ್ಕೆ ಎಷ್ಟು ಪುರಾತನವಾಗಿ ತೋರಿದರೂ ಪೂರ್ಣವಾದುದು 1990ರ ದಶಕದಲ್ಲಿ. ಅಂದರೆ ಸುತ್ತಲಿನ ಎಷ್ಟೋ ಅಂಗಡಿಗಳಿಗಿಂತ ಅದು ಕಿರಿಯದು. ಇಟಲಿಯ ವಾಸ್ತುವಿನ ಛಾಯೆಯನ್ನು ನಮ್ಮ ಊರಿನಲ್ಲಿ ಹುಡುಕುವವರು ಇಲ್ಲಿಗೇ ಬರಬೇಕು. ವಿಶಾಲವಾದ ಒಳಾಂಗಣವೂ ಉನ್ನತವಾದ ಕಮಾನುಗಳೂ ಭಕ್ತನ ದೃಷ್ಟಿಯನ್ನು ಮೇಲಕ್ಕೆಳೆಯುವ ಕಾರ್ಯವನ್ನು ಲೋಪವಿಲ್ಲದೆ ನೆರವೇರಿಸುತ್ತವೆ. ಹಳೆಯ ಶೈಲಿಯನ್ನು ಹೊಸದಾಗಿ ಕಟ್ಟುವುದು ಪ್ರಾಮಾಣಿಕವೆ ಎಂದು ವಾಸ್ತುಶಾಸ್ತ್ರಜ್ಞರು ಆಕ್ಷೇಪಿಸಬಹುದು. ಆ ಆಕ್ಷೇಪವನ್ನು ಒಪ್ಪಿದರೆ ನಮ್ಮ ಹೊಸ ದೇವಸ್ಥಾನಗಳ ಸಿಮೆಂಟಿನ ರಾಜಗೋಪುರಗಳಿಗೂ ಅದೇ ತೀರ್ಪು ಅನ್ವಯಿಸಬೇಕಾಗುತ್ತದೆ. ಅದಕ್ಕೆ ನಮ್ಮಲ್ಲಿ ಎಷ್ಟು ಮಂದಿ ಸಿದ್ಧರಿದ್ದಾರೆ?

ಇಲ್ಲಿಂದ ಬಸ್ಸು ಹತ್ತೋಣ. ದಾರಿಯಲ್ಲಿ ಸೋಗಾನೆಯ ಬಳಿ, 2023ರ ಫೆಬ್ರುವರಿ 27ರಂದು ಉದ್ಘಾಟನೆಯಾದ, ರಾಷ್ಟ್ರಕವಿ ಕುವೆಂಪು ಅವರ ಹೆಸರಿನ ವಿಮಾನ ನಿಲ್ದಾಣವಿದೆ. ಅದರ ಕಟ್ಟಡಕ್ಕೆ ತಾವರೆಯ ಆಕಾರ ಕೊಟ್ಟಿದ್ದಾರೆ. ಆ ಆಕಾರ ಸಮಗ್ರವಾಗಿ ಕಾಣುವುದು ಆಕಾಶದಲ್ಲಿರುವವರಿಗೆ. ನೆಲದ ಮೇಲೆ ನಡೆಯುವ ನಮ್ಮಂಥವರು ನಂಬಿಕೊಳ್ಳಬೇಕು.

ಭದ್ರಾವತಿಗೆ ಹಿಂದೆ ಬೆಂಕಿಪುರವೆಂಬ ಹೆಸರಿತ್ತು. ಹಳೇನಗರದ ಹೃದಯಭಾಗದಲ್ಲಿ ಹದಿಮೂರನೆಯ ಶತಮಾನದ ಹೊಯ್ಸಳರ ಲಕ್ಷ್ಮೀನರಸಿಂಹ ದೇವಾಲಯವಿದೆ. ಮೂರು ಗರ್ಭಗುಡಿಗಳು ಒಂದೇ ನವರಂಗಕ್ಕೆ ತೆರೆದುಕೊಳ್ಳುವ ತ್ರಿಕೂಟ, ಅದರಲ್ಲಿ ಲಕ್ಷ್ಮೀನರಸಿಂಹನೊಡನೆ ವೇಣುಗೋಪಾಲನೂ ಪುರುಷೋತ್ತಮನೂ ನೆಲಸಿದ್ದಾರೆ. ಬೇಲೂರು ಹಳೆಬೀಡುಗಳ ಶಿಲ್ಪಸಮೃದ್ಧಿಯನ್ನು ನೆನೆದುಕೊಂಡು ಬಂದವರಿಗೆ ಇದು ಮಿತಭಾಷಿಯಾಗಿ ತೋರೀತು. ಆದರೆ ಗುಡಿಯ ಹೊರರೇಖೆಯನ್ನೇ ಅನುಸರಿಸುತ್ತ ಕೋನಕೋನವಾಗಿ ತಿರುಗುವ ಜಗತಿಯ ಮೇಲೆ ಒಂದು ಪ್ರದಕ್ಷಿಣೆ ಬಂದರೆ, ಹೊಯ್ಸಳ ವಾಸ್ತುವೂ ನಡೆಯುವವನಿಗೆಂದೇ ಆದುದೆಂಬುದು ಮನವರಿಕೆಯಾಗುತ್ತದೆ. ಹೆಜ್ಜೆ ಹೆಜ್ಜೆಗೂ ಒಂದು ಮೂಲೆ ಮರೆಯಾಗಿ ಇನ್ನೊಂದು ಮೂಲೆ ಮೂಡುತ್ತ, ನೆರಳು ಬೆಳಕುಗಳು ಸ್ಥಾನ ಬದಲಿಸುತ್ತ, ನಿಂತ ಗುಡಿಯೇ ನಮ್ಮೊಡನೆ ಚಲಿಸುವ ಭ್ರಮೆಯುಂಟಾಗುತ್ತದೆ.

ಸೇತುವೆ ದಾಟಿ ನ್ಯೂಟೌನನ್ನು ಪ್ರವೇಶಿಸಿದೊಡನೆ ಏಳು ಶತಮಾನಗಳು ಒಮ್ಮೆಗೇ ಕಳೆದುಹೋಗುತ್ತವೆ. ಭದ್ರೆಯ ನೀರು, ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಟ್ಟಿಗೆ, ಆಗಲೇ ಇದ್ದ ರೈಲು, ಈ ನಾಲ್ಕೂ ಒಂದೆಡೆ ಕೂಡುವ ಸ್ಥಳವೆಂದು ಸರ್ ಎಂ. ವಿಶ್ವೇಶ್ವರಯ್ಯನವರು ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆಯನ್ನು ಇಲ್ಲಿ ಯೋಜಿಸಿದರು. 1923ರಲ್ಲಿ ಕುಲುಮೆ ಹೊತ್ತಿಕೊಂಡಿತು. ಕಲ್ಲಿದ್ದಲಿಲ್ಲದ ನಾಡಿನಲ್ಲಿ ಕಟ್ಟಿಗೆಯ ಇದ್ದಲಿನಿಂದ ಅದಿರನ್ನು ಕರಗಿಸಿ, ಕಟ್ಟಿಗೆ ಸುಡುವಾಗ ಬರುವ ಹೊಗೆಯನ್ನೂ ವ್ಯರ್ಥಮಾಡದೆ ಬಟ್ಟಿಯಿಳಿಸಿ ಮದ್ಯಸಾರವನ್ನೂ ಡಾಂಬರನ್ನೂ ತೆಗೆದರು. ಇದಕ್ಕಾಗಿ ಎಷ್ಟು ಕಾಡು ಬರಿದಾಯಿತೆಂಬ ಲೆಕ್ಕವೂ ಇದರ ಜೊತೆಗೇ ಓದಬೇಕಾದುದು. ಬೆಟ್ಟದಿಂದ ಅದಿರು ತಂತಿಯ ಮೇಲಿನ ತೊಟ್ಟಿಲುಗಳಲ್ಲಿ ಇಳಿದುಬರುತ್ತಿತ್ತು. 1930ರ ದಶಕದಲ್ಲಿ ಉಕ್ಕು ಬಂತು, ಅದರ ಬೆನ್ನಿಗೇ ಸಿಮೆಂಟು ಬಂತು. 1936ರಲ್ಲಿ ಮೈಸೂರು ಕಾಗದ ಕಾರ್ಖಾನೆ ಸ್ಥಾಪನೆಯಾಗಿ ಅದರ ಸುತ್ತ ಕಾಗದನಗರ ಬೆಳೆಯಿತು.

ಕಾರ್ಖಾನೆಗಳು ಬೆಳೆದಂತೆ ಸಾವಿರಾರು ಸಂಸಾರಗಳಿಗೆ ಸೂರು ಬೇಕಾಯಿತು. ತಗಡು ಹೊದಿಸಿದ ಸಾಲುಮನೆಗಳ ಜಿಂಕ್‌ಲೈನಿನಂಥ ಕೇರಿಗಳು ಆ ಅವಸರದ ಕಾಲದವು. ಊರನ್ನು ಹೀಗೆ ತೋಚಿದಂತೆ ಬೆಳೆಯಗೊಡದೆ ಮುಂದಾಲೋಚನೆಯಿಂದ ಕಟ್ಟಬೇಕೆಂಬ ಸಂಕಲ್ಪ 1940ರ ದಶಕದಲ್ಲಿ ಉದಿಸಿದಾಗ, ಆ ಕಾರ್ಯಕ್ಕೆ ಒದಗಿಬಂದವರು ಯೂರೋಪಿನ ಒಬ್ಬ ನಿರಾಶ್ರಿತರು. ಬರ್ಲಿನ್ನಿನಲ್ಲಿ 1908ರಲ್ಲಿ ಜನಿಸಿದ ಆಟ್ಟೋ ಕೊನಿಗ್ಸ್‌ಬರ್ಗರ್ ಯೆಹೂದ್ಯರಾಗಿದ್ದುದರಿಂದ ಹಿಟ್ಲರನ ಆಡಳಿತದಲ್ಲಿ ಸ್ವದೇಶವನ್ನು ತೊರೆದು, ಈಜಿಪ್ಟಿನಲ್ಲಿ ಕೆಲವು ವರ್ಷಗಳನ್ನು ಪುರಾತತ್ವದ ಸಂಶೋಧನೆಯಲ್ಲಿ ಕಳೆದು, 1939ರಲ್ಲಿ ಮೈಸೂರು ಸರ್ಕಾರದ ಮುಖ್ಯ ವಾಸ್ತುಶಿಲ್ಪಿಯಾಗಿ ಬೆಂಗಳೂರಿಗೆ ಬಂದರು. ಆಗ ಸರ್ ಮಿರ್ಜಾ ಇಸ್ಮಾಯಿಲರು ದಿವಾನರು. ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಕೊನಿಗ್ಸ್‌ಬರ್ಗರರಿಗೆ ಸೋದರಮಾವನ ಸಂಬಂಧ; ಅವರೂ ಇದಕ್ಕೆ ಸ್ವಲ್ಪ ಮೊದಲು ಬೆಂಗಳೂರಿನ ಭಾರತೀಯ ವಿಜ್ಞಾನಮಂದಿರದಲ್ಲಿ ಇದ್ದುಹೋಗಿದ್ದರು. ವಿಜ್ಞಾನಮಂದಿರದ ಕೆಲವು ಕಟ್ಟಡಗಳೂ ಬಸವನಗುಡಿಯ ಕೃಷ್ಣರಾವ್ ಉದ್ಯಾನದ ಮಂಟಪವೂ ಕೊನಿಗ್ಸ್‌ಬರ್ಗರರ ರಚನೆಗಳು. ಭದ್ರಾವತಿಯ ಹೊಸ ಪಟ್ಟಣಕ್ಕೆ ನಕ್ಷೆ ಹಾಕಿದುದಲ್ಲದೆ ಅವರು ಜಮ್ಷೆಡ್‌ಪುರದ ವಿಸ್ತರಣೆಗೂ, 1948ರಲ್ಲಿ ಒರಿಸ್ಸದ ಹೊಸ ರಾಜಧಾನಿ ಭುವನೇಶ್ವರಕ್ಕೂ ಯೋಜನೆ ಸಿದ್ಧಪಡಿಸಿದರು; ತರುವಾಯ ಲಂಡನ್ನಿಗೆ ತೆರಳಿ, ಉಷ್ಣವಲಯದ ದೇಶಗಳಲ್ಲಿ ಮನೆ ಹೇಗಿರಬೇಕೆಂಬ ಶಾಸ್ತ್ರಕ್ಕೆ ಆಚಾರ್ಯಸ್ಥಾನದಲ್ಲಿದ್ದರು.

ಅವರ ಮುಖ್ಯ ತತ್ತ್ವಗಳು ಎರಡು. ಊರನ್ನು ನೆರೆಹೊರೆಯ ಘಟಕಗಳಾಗಿ ವಿಭಾಗಿಸಿ, ಪ್ರತಿಯೊಂದರಲ್ಲಿಯೂ ಶಾಲೆ, ಅಂಗಡಿ, ಆಟದ ಬಯಲುಗಳು ಮಗುವೊಂದು ನಡೆದೇ ತಲಪುವಷ್ಟು ಸಮೀಪದಲ್ಲಿರಬೇಕು. ಮನೆಯನ್ನು ಗಾಳಿ, ಬಿಸಿಲು, ಮಳೆಗಳ ದಿಕ್ಕನ್ನು ವಿಚಾರಿಸಿ ನಿಲ್ಲಿಸಬೇಕು. ನಕ್ಷೆಯಲ್ಲಿದ್ದುದೆಲ್ಲವೂ ನೆಲಕ್ಕಿಳಿಯಲಿಲ್ಲ, ಇಳಿದುದರಲ್ಲಿ ಇಂಥದು ಅವರದು, ಇಂಥದು ಕಾರ್ಖಾನೆಯ ಇಂಜಿನಿಯರುಗಳದು ಎಂದು ವಿಂಗಡಿಸುವುದು ಸುಲಭವೂ ಅಲ್ಲ. ಆದಾಗ್ಯೂ ನ್ಯೂಟೌನಿನಲ್ಲಿ ನಿಧಾನವಾಗಿ ನಡೆಯುವವನು ಆ ಕಾಲದ ವಿಚಾರವನ್ನು ಕಣ್ಣಾರೆ ಕಾಣುತ್ತಾನೆ. ಇಕ್ಕೆಲದಲ್ಲಿ ಮರಗಳಿರುವ ಅಗಲವಾದ ರಸ್ತೆಗಳು, ಹೆಂಚಿನ ಮಾಡಿನ ತಗ್ಗುಮನೆಗಳು, ಮನೆಯ ಮುಂದೆ ಹೂಗಿಡಕ್ಕೂ ಹಿಂದೆ ಹಲಸಿಗೂ ನುಗ್ಗೆಗೂ ಬೇಕಾದಷ್ಟು ಜಾಗ, ಮಧ್ಯಾಹ್ನದ ವೇಳೆಯಲ್ಲಿಯೂ ತಂಪಾಗಿರುವ ಹೊರಜಗಲಿ. ಕೆಲಸದ ದರ್ಜೆಗೆ ತಕ್ಕಂತೆ ಕಾಂಪೌಂಡು ಹಿಗ್ಗುವುದನ್ನೂ ಕುಗ್ಗುವುದನ್ನೂ ಮರೆಮಾಚುವ ಪ್ರಯತ್ನವಿಲ್ಲ; ಅಧಿಕಾರಿಯ ಬಂಗಲೆಯಿಂದ ಕೂಲಿಯ ಲೈನಿನವರೆಗೆ ಕಾರ್ಖಾನೆಯ ಸಂಬಳದ ಪಟ್ಟಿಯನ್ನು ಬೀದಿಯಲ್ಲಿಯೇ ಓದಬಹುದು. ಆದರೆ ಅತ್ಯಂತ ಕಿರಿಯ ನೌಕರನ ಮನೆಗೂ ಒಂದಂಗೈ ನೆಲ, ಒಂದು ಮರ, ಸರಾಗವಾಗಿ ಹಾಯುವ ಗಾಳಿ ದೊರೆತಿದ್ದುವೆಂಬುದನ್ನು, ಇಂದಿನ ಬಡಾವಣೆಗಳ ಮೂವತ್ತು-ನಲವತ್ತರ ನಿವೇಶನದಲ್ಲಿ ಗೋಡೆಗೆ ಗೋಡೆ ತಾಗಿಸಿ ಕಟ್ಟಿಕೊಂಡ ನಾವು ಸ್ವಲ್ಪ ಸಂಕೋಚದಿಂದಲೇ ಒಪ್ಪಿಕೊಳ್ಳಬೇಕಾಗಿದೆ.

ಈಗ ಆ ಮನೆಗಳ ಸ್ಥಿತಿ ಏನೆಂಬುದನ್ನು ಭದ್ರಾವತಿಯ ಶ್ರೋತೃಗಳಿಗೆ ನಾನು ಹೇಳಬೇಕಾಗಿಲ್ಲ. ಕಾಗದ ಕಾರ್ಖಾನೆಯಲ್ಲಿ ಉತ್ಪಾದನೆ ನಿಂತು ವರ್ಷಗಳಾದುವು. ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರ ಆದಿಯಲ್ಲಿ ಪ್ರಕಟವಾಗಿ, ಕಾರ್ಮಿಕರು ಬೀದಿಗಿಳಿದು ಹೋರಾಡಬೇಕಾಯಿತು. ಖಾಲಿಯಾದ ಮನೆಯ ಹೆಂಚು ಮೊದಲು ಜಾರುತ್ತದೆ, ಆ ಸಂದಿನಿಂದ ನೀರಿಳಿದು ರೀಪು ಕೊಳೆಯುತ್ತದೆ, ಮೂರನೆಯ ಮಳೆಗಾಲಕ್ಕೆ ಗೋಡೆಯ ಮೇಲೆ ಅರಳಿಯ ಸಸಿ ಹುಟ್ಟುತ್ತದೆ.

ಹೀಗೇ ಆಗಬೇಕೆಂದೇನೂ ಇಲ್ಲ. ಇಟಲಿಯ ಉತ್ತರ ಭಾಗದಲ್ಲಿ ಇವ್ರೆಯಾ ಎಂಬೊಂದು ಊರಿದೆ. ಅಲ್ಲಿಯೂ ನದಿಯೊಂದು ಹರಿಯುತ್ತದೆ, ಹಳೆಯ ಪಟ್ಟಣದಲ್ಲಿ ಕೋಟೆಯೂ ದೇವಾಲಯವೂ ಇವೆ. ಹೊಸ ಭಾಗದಲ್ಲಿ 1908ರಲ್ಲಿ ಸ್ಥಾಪಿತವಾದ ಒಲಿವೆಟ್ಟಿ ಬೆರಳಚ್ಚು ಯಂತ್ರದ ಕಾರ್ಖಾನೆಯೂ, ಅದರ ಮಾಲೀಕ ಅದ್ರಿಯಾನೋ ಒಲಿವೆಟ್ಟಿ ಕಾರ್ಮಿಕರಿಗಾಗಿ ಒಳ್ಳೊಳ್ಳೆಯ ವಾಸ್ತುಶಿಲ್ಪಿಗಳಿಂದ ಕಟ್ಟಿಸಿದ ವಸತಿಗಳೂ, ಶಿಶುವಿಹಾರವೂ ಇವೆ. ಬೆರಳಚ್ಚು ಯಂತ್ರದ ಕಾಲ ಮುಗಿಯಿತು, ಕಾರ್ಖಾನೆಯ ವೈಭವವೂ ಮುಗಿಯಿತು. ಆದರೆ ಆ ಊರಿನವರು ಕಟ್ಟಡಗಳನ್ನು ಕೆಡವಲಿಲ್ಲ. 2001ರಲ್ಲಿ ಬೀದಿಗಳಲ್ಲಿಯೇ ವಿವರಣೆಯ ಫಲಕಗಳನ್ನು ನೆಟ್ಟು, ನಡೆದು ನೋಡಬಹುದಾದ ಬಯಲು ವಸ್ತುಸಂಗ್ರಹಾಲಯವನ್ನಾಗಿ ಆ ಪ್ರದೇಶವನ್ನು ಮಾರ್ಪಡಿಸಿದರು. 2018ರಲ್ಲಿ ಯುನೆಸ್ಕೋ ಅದನ್ನು ಇಪ್ಪತ್ತನೆಯ ಶತಮಾನದ ಔದ್ಯೋಗಿಕ ನಗರವೆಂದು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಅದರಲ್ಲಿ ಸಾವಿರ ವರ್ಷದ ಶಿಲ್ಪವೊಂದೂ ಇಲ್ಲ. ಇರುವುದು ಇಟ್ಟಿಗೆ, ಗಾಜು, ಕಾಂಕ್ರೀಟು, ಅವುಗಳ ಹಿಂದಿನ ಒಂದು ವಿಚಾರ.

ನಮ್ಮಲ್ಲಿ ಪ್ರಾಚೀನವೆಂದರೆ ಕಲ್ಲು, ಕಲ್ಲೆಂದರೆ ದೇವಸ್ಥಾನ ಎಂಬ ಭಾವನೆ ಬಲವಾಗಿದೆ. ಲಕ್ಷ್ಮೀನರಸಿಂಹನ ಗುಡಿಗೆ ರಕ್ಷಣೆಯುಂಟು, ಶಿವಮೊಗ್ಗೆಯ ಅರಮನೆಗೂ ಉಂಟು. ಅವೆರಡೂ ಹಾಗೆಯೇ ಇರಲಿ. ಆದರೆ ಕನ್ನಡ ನಾಡು ತನ್ನ ಮೊದಲ ಕಬ್ಬಿಣವನ್ನು ದೊಡ್ಡ ಪ್ರಮಾಣದಲ್ಲಿ ಕರಗಿಸಿದ ಸ್ಥಳ, ದುಡಿಯುವವನ ಮನೆಯನ್ನು ಶಾಸ್ತ್ರೀಯವಾಗಿ ಯೋಚಿಸಿ ಕಟ್ಟಲು ಹೊರಟ ಸ್ಥಳ, ಅವುಗಳಷ್ಟೇ ಮಾನ್ಯವೆಂಬುದು ನನ್ನ ದೃಢವಾದ ಅಭಿಪ್ರಾಯ. ಕಾರ್ಖಾನೆಯ ಭವಿಷ್ಯವನ್ನು ನಿರ್ಣಯಿಸುವವರು ದೂರದಲ್ಲಿದ್ದಾರೆ. ಮನೆಗಳ ಅಳತೆ ತೆಗೆದು, ಛಾಯಾಚಿತ್ರ ಹಿಡಿದು, ಆಯ್ದ ಒಂದೆರಡು ಬೀದಿಗಳನ್ನಾದರೂ ಇದ್ದಂತೆಯೇ ಉಳಿಸಿಕೊಳ್ಳುವುದಕ್ಕೆ ಅವರ ಅಪ್ಪಣೆಗಾಗಿ ಕಾಯಬೇಕಾಗಿಲ್ಲ. ನಗರಸಭೆ ಫಲಕಗಳನ್ನು ನೆಡಿಸಲಿ, ಕಾಲೇಜುಗಳ ಚರಿತ್ರೆಯ ಹಾಗೂ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಒಂದೊಂದು ಬೀದಿಯನ್ನು ವಹಿಸಿಕೊಳ್ಳಲಿ.

ಕೊನೆಯದಾಗಿ, ಕಬ್ಬಿಣದ ಮತ್ತು ಕಾಗದದ ಈ ಎರಡು ಕಾರ್ಖಾನೆಗಳಲ್ಲಿ ದುಡಿದ ಮನೆತನಗಳವರಲ್ಲಿ ನನ್ನದೊಂದು ಪ್ರಾರ್ಥನೆ. ನಿಮ್ಮ ಅಟ್ಟದ ಮೇಲೆ, ಟ್ರಂಕಿನೊಳಗೆ, ಆ ಕಾಲದ ಮನೆಯ ನೀಲಿನಕ್ಷೆಯೋ, ವಸತಿ ಮಂಜೂರಾತಿಯ ಪತ್ರವೋ, ಮನೆಯ ಮುಂದೆ ನಿಂತು ತೆಗೆಸಿಕೊಂಡ ಭಾವಚಿತ್ರವೋ ಇದ್ದರೆ, ದಯಮಾಡಿ ಅದನ್ನು ತೂಕಕ್ಕೆ ಹಾಕಬೇಡಿ. ಮೂಲವನ್ನು ನೀವೇ ಇಟ್ಟುಕೊಂಡು, ಒಂದು ಪ್ರತಿಯನ್ನು ನಿಮ್ಮ ಊರಿನ ಗ್ರಂಥಾಲಯಕ್ಕೋ ಕಾಲೇಜಿಗೋ ತಲಪಿಸಿ.